ಅಸಾನ್ ಇದ್ದ ಮೇಲೆ ಉಸೋನ್

ಮಾರ್ಚ್ 4, ಮಂಗಳವಾರ

ನಮ್ಮ ಕಟ್ಟಡದ ಎದುರು ಕಂಬ ನೆಟ್ಟು ಹೋಗಿದ್ದಾರೆ. ಬೂದು ಬಣ್ಣದ್ದು, ತುದಿಯಲ್ಲಿ ಕ್ಯಾಮೆರಾಗಳ ಗೊಂಚಲು. ಅದೇ ಜಾಗದಲ್ಲಿ ಒಂದು ಬೀದಿದೀಪ ಹಾಕಿಸಿ ಎಂದು ಎಷ್ಟೋ ವರ್ಷದಿಂದ ಬರೆಯುತ್ತಿದ್ದೇನೆ. ದೀಪ ಬರಲಿಲ್ಲ, ಕಣ್ಣು ಬಂತು.

ಸಂಜೆ ಶಾಲೆಯ ಸಭಾಂಗಣದಲ್ಲಿ ಸಭೆ. ನಿವೃತ್ತನಾಗುವ ತನಕ ನಾನು ಇತಿಹಾಸ ಪಾಠ ಮಾಡಿದ ಶಾಲೆ. ಆಂತರಿಕ ಭದ್ರತೆಗೆಂದು ಹೊಸದಾಗಿ ತೆರೆದ ತಂತ್ರಜ್ಞಾನ ಕೇಂದ್ರದಿಂದ ಎರ್ಮೆಕ್ ಎಂಬ ಯುವ ಅಧಿಕಾರಿ ಬಂದಿದ್ದ. ಜೊತೆಗೆ ಯಂತ್ರ ಮಾರಿದ ಕಂಪನಿಯವರಿಬ್ಬರು. ಅವರು ಮಾತಾಡಲಿಲ್ಲ, ನಗುತ್ತ ಕೂತಿದ್ದರು. ಪರದೆಯ ಮೇಲೆ ನಮ್ಮದೇ ಮುಖಗಳು ಮೂಡಿದವು. ಪ್ರತಿ ಮುಖಕ್ಕೂ ಒಂದು ಹಸಿರು ಚೌಕಟ್ಟು, ಕೆಳಗೆ ಯಂತ್ರ ಅಂದಾಜು ಮಾಡಿದ ವಯಸ್ಸು. ನನ್ನ ಹೆಂಡತಿ ಜೂರಾಕಾನ್‌ಗೆ ಐವತ್ತೆರಡು ಎಂದು ತೋರಿಸಿತು. ಅರವತ್ತು ದಾಟಿ ಎಷ್ಟೋ ಕಾಲವಾಗಿದೆ.

"ನೋಡಿದ್ಯಾ ಅಬಿಷ್ಕಾ, ನನ್ನ ಮುದುಕಾ," ಎಂದು ಸಭೆಗೆಲ್ಲ ಕೇಳುವಂತೆ ಹೇಳಿದಳು. "ಸರ್ಕಾರಕ್ಕೆ ಕಾಣ್ಸಿದ್ದು ಕಟ್ಕೊಂಡ ಗಂಡಂಗೆ ಕಾಣ್ಸಲಿಲ್ಲ."

ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. "ಇದು ತಪ್ಪು ಮಾಡಿದ್ರೆ ಯಾರನ್ನ ಕೇಳ್ಬೇಕು?"

"ಇದು ತಪ್ಪೋದಿಲ್ಲ ಅಗಾಯ್," ಎಂದ ಎರ್ಮೆಕ್. ನನ್ನ ಪಾಠ ಕೇಳದವರೂ ನನ್ನನ್ನು ಅಗಾಯ್ ಎಂದೇ ಕರೆಯುವುದು. "ತಪ್ಪೋರು ಮನುಷ್ಯರು."

"ಇದನ್ನ ಕೊಂಡ್ಕೊಂಡೋರು ಯಾರಪ್ಪ ಮತ್ತೆ?"

ಆಗಲೂ ನಕ್ಕರು. ಆದರೆ ಎರ್ಮೆಕ್ ನನ್ನ ಹೆಸರು ಕೇಳಿ ಬರೆದುಕೊಂಡ. ಎಸೆನ್‌ಕುಲ್ ಎಂದು ಅಕ್ಷರ ಅಕ್ಷರ ಬಿಡಿಸಿ ಹೇಳಿದೆ.

ಮನೆಗೆ ಬಂದ ಮೇಲೆ ಅಜ್ಜನ ನೆನಪು. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಸರ್ಕಾರದವರು ಅವನನ್ನು ಮತ್ತೆ ಬಾರದಂತೆ ಕರೆದೊಯ್ದಾಗ ನಮ್ಮಪ್ಪ ಇನ್ನೂ ಮೊಲೆಗೂಸು. ಪಕ್ಕದ ಮನೆಯ ಜಾಕಿಪ್ ಬಾಯಿಬಿಟ್ಟಿದ್ದ. ನಾನು ಹುಡುಗನಾಗಿದ್ದಾಗ ಆ ಮುದುಕ ಇನ್ನೂ ಬದುಕಿದ್ದ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಒಮ್ಮೆ ಕೇಳಿಯೇ ಬಿಟ್ಟೆ. "ನಾನ್ ಯಾರ ಹೆಸರೂ ಹೇಳ್ಲಿಲ್ಲ ಮಗಾ. ಸುದ್ದಿ ಹೇಳ್ದೆ, ಅಷ್ಟೇ" ಅಂದ. ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆಗ ಕಿವಿ ಇಟ್ಟಿದ್ದರು, ಈಗ ಕಣ್ಣು ಇಡುತ್ತಿದ್ದಾರೆ.

ಮಗ ತಿಲೇಕ್ ಆಂಬ್ಯುಲೆನ್ಸ್ ಪಾಳಿ ಮುಗಿಸಿ ಬಂದು, ನಾನು ಅರ್ಜಿ ಬರೆಯುವುದನ್ನು ಹೆಗಲ ಮೇಲಿಂದ ಓದಿದ.

"ಅತಾ, ಕ್ಯಾಮೆರಾ ಇದ್ರೆ ಜನ ಹೆದ್ರಿ ಆಂಬ್ಯುಲೆನ್ಸ್‌ಗೆ ದಾರಿ ಬಿಡ್ತಾರೆ. ನಂಗಂತೂ ಲಾಭಾನೇ."

"ನಿನ್ನನ್ನೂ ನೋಡ್ತಿರತ್ತಲ್ಲೋ."

"ನೋಡ್ಕೊಳ್ಲಿ. ಹೆಣ್ಣು ಕೊಡೋರೇ ಸರಿಯಾಗಿ ನೋಡ್ತಿಲ್ಲ."

ಮಾರ್ಚ್ 13, ಗುರುವಾರ

ಕಂಬ ಕೀಳಿಸಿ ಎಂಬ ಅರ್ಜಿಗೆ ಸಹಿ ಹಾಕಿದವರು ಬೆರಳೆಣಿಕೆ. ಮೂರನೇ ಮಹಡಿಯ ಹೆಂಗಸು ಬಾಗಿಲ ಸಂದಿಯಲ್ಲೇ ಕೇಳಿದಳು, "ಬಚ್ಚಿಡೋಕೆ ಏನೂ ಇಲ್ದೋರಿಗೆ ಹೆದ್ರಿಕೆ ಯಾಕೆ ಅಗಾಯ್?" ಬಚ್ಚಿಡುವುದೇನೂ ಇಲ್ಲದ ಮನೆ ಇದ್ದರೆ ತೋರಿಸಿ, ಅಲ್ಲೇ ಬಾಡಿಗೆಗೆ ಹೋಗುತ್ತೇನೆ ಎಂದೆ.

ಮಾರ್ಚ್ 22, ಶನಿವಾರ

ತಿಲೇಕ್‌ನನ್ನು ಹಿಡಿದುಕೊಂಡು ಹೋಗಿದ್ದಾರೆ.

ನಿನ್ನೆ ನೂರೂಜ್ ಹಬ್ಬ. ಇವತ್ತು ನೆಂಟರು ಬರುತ್ತಾರೆಂದು ಅವನ ತಾಯಿ ಬೆಣ್ಣೆ ತರಲು ಬಜಾರಿಗೆ ಕಳಿಸಿದ್ದಳು. ಬಜಾರಿನ ಗೇಟಿನಲ್ಲಿ ಕ್ಯಾಮೆರಾ ಕೂಗಿತಂತೆ. ಬೆಣ್ಣೆಯ ಸಮೇತ ಒಯ್ದಿದ್ದಾರೆ.

ಠಾಣೆಯಲ್ಲಿ ಶಾರ್ಷೆನ್ ಎಂಬ ಇನ್ಸ್‌ಪೆಕ್ಟರ್ ಸಿಕ್ಕ. ವಯಸ್ಸಾದವನು, ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡಿದ್ದಾನೆ. ಕೂರಿಸಿ ಒಂದು ಚಿತ್ರ ತೋರಿಸಿದ. ಕಳೆದ ಅಕ್ಟೋಬರಿನಲ್ಲಿ ನಾರಿನ್ ಕಡೆಯ ಕಣಿವೆಯೊಂದರಲ್ಲಿ ಚಿನ್ನದ ಗಣಿಯ ಎದುರು ಕುರಿಗಾಹಿಗಳ ಗಲಾಟೆಯಾಗಿತ್ತು. ಗಣಿಯ ನೀರು ಕುಡಿದು ಕುರಿಗಳು ಸತ್ತಿದ್ದವು. ಕಾವಲುಗಾರರ ಗುಡಿಸಲಿಗೆ ಬೆಂಕಿ ಬಿದ್ದು ಒಬ್ಬನ ಮುಖ ಬೆಂದಿತ್ತು. ಆಕಾಶದಿಂದ ಡ್ರೋನ್ ತೆಗೆದ ಚಿತ್ರದಲ್ಲಿ, ಕೈಯಲ್ಲಿ ಕಲ್ಲು ಹಿಡಿದ ಒಬ್ಬ ತಲೆ ಎತ್ತಿ ನೇರ ಮೇಲಕ್ಕೆ ನೋಡುತ್ತಿದ್ದಾನೆ. ಬಿಳಿ ಉಣ್ಣೆಯ ಕಲ್ಪಾಕ್ ಟೋಪಿ ಹಿಂದಕ್ಕೆ ಜಾರಿದೆ. ಹೆಸರು ಗೊತ್ತಿಲ್ಲದ ಆ ಮುಖವನ್ನು ಯಂತ್ರ ದೇಶದ ಎಲ್ಲ ಪಾಸ್‌ಪೋರ್ಟ್ ಚಿತ್ರಗಳ ಜೊತೆ ತಾಳೆ ನೋಡಿ ತಿಲೇಕ್‌ನನ್ನು ಆರಿಸಿದೆ.

"ನಿಮ್ಮ ಮಗ ತಾನೇ?" ಎಂದ ಶಾರ್ಷೆನ್.

ಅವನೇ. ಅದೇ ಹುಬ್ಬು, ಅದೇ ಗಲ್ಲ. ಆದರೆ ತಿಲೇಕ್ ಅಲ್ಲ. ಅದು ಯಾರು ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಚಿತ್ರವನ್ನು ಮಗುಚಿ ಶಾರ್ಷೆನ್ ಕಡೆಗೆ ತಳ್ಳಿದೆ.

"ಅಲ್ಲ. ಆ ದಿನ ಅವ್ನಿಗೆ ರಜೆ ಇತ್ತು. ಮನೇಲಿ ಮಲಗಿದ್ದ."

"ಯಾರು ನೋಡಿದ್ರು?"

"ನಾನು, ಅವನ ತಾಯಿ. ಫೋನೂ ಮನೇಲೇ ಇತ್ತು, ನೋಡ್ಕೊಳ್ಳಿ."

"ಫೋನ್ ಮನೇಲಿ ಬಿಟ್ಟು ಹೋಗೋದು ಈಗ ಕಳ್ಳರಿಗೆಲ್ಲ ಗೊತ್ತು ಅಗಾಯ್. ತಂದೆ ತಾಯಿ ಸಾಕ್ಷಿ ನಡೆಯಲ್ಲ."

ಮಾರ್ಚ್ 23, ಭಾನುವಾರ

ಬರೆಯದೆ ಹೋದರೆ ತಲೆ ಸಿಡಿಯುತ್ತದೆ.

ನಮಗೆ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದ ಅಣ್ಣನಿಗೆ ತಮ್ಮ ತನ್ನದೊಂದು ಕೂಸನ್ನು ಕೊಡುವುದು ನಮ್ಮಲ್ಲಿ ಮೊದಲಿಂದ ಬಂದದ್ದು. ಯಾರೂ ಅದನ್ನು ದಾನ ಎನ್ನುವುದಿಲ್ಲ, ಯಾರೂ ಅದರ ಮಾತೂ ಎತ್ತುವುದಿಲ್ಲ. ತಮ್ಮ ಕುಬಾತ್‌ನ ಹೆಂಡತಿ ಮೈರಾಮ್ ಅವಳಿ ಹೆತ್ತಳು. ಅವಳಿ ಗಂಡುಮಕ್ಕಳೆಂದರೆ ಒಬ್ಬ ಅಸಾನ್, ಇನ್ನೊಬ್ಬ ಉಸೋನ್. ಬೇರೆ ಹೆಸರಿಡುವ ರೂಢಿಯೇ ಇಲ್ಲ. ನಲವತ್ತು ದಿನ ತುಂಬುವ ಮೊದಲೇ ಉಸೋನ್‌ನನ್ನು ಜೂರಾಕಾನ್‌ಳ ಮಡಿಲಿಗೆ ಹಾಕಿದರು. ನಾವು ತಿಲೇಕ್ ಎಂದು ಕರೆದೆವು. ಹರಕೆ ಎಂಬ ಅರ್ಥ. ಕಾಗದದಲ್ಲೂ ನಮ್ಮ ಮಗ.

ಊರಿನವರ ಬಾಯಿಗೆ, ಉಸೋನ್ ಉಳಿಯಲಿಲ್ಲ ಎಂದಾಯಿತು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ನಂಬಿದಂತೆ ಇದ್ದರು. ಮೈರಾಮ್ ಮಾತ್ರ ಗುರುವಾರ ಬಂತೆಂದರೆ ಸತ್ತವರಿಗೆಂದು ಎಣ್ಣೆ ಕಾಯಿಸಿ ಹಿಟ್ಟಿನ ತುಂಡುಗಳ ಬೋರ್ಸೋಕ್ ಕರಿಯುವಾಗ ಉಸೋನ್‌ನ ಹೆಸರನ್ನೂ ಸೇರಿಸುತ್ತಿದ್ದಳು. ಆ ನೆಪದಲ್ಲಾದರೂ ಮಗನ ಹೆಸರು ಬಾಯಲ್ಲಿ ಬರಲಿ ಎಂದು ಇರಬೇಕು. ತಿಲೇಕ್‌ಗೆ ಏಳು ತುಂಬಿದ ಮೇಲೆ ಅಲ್ಲಿಗೆ ಹೋಗುವುದನ್ನೇ ಬಿಟ್ಟೆವು. ಒಂದು ಕುದುರೆಯ ವಿಷಯಕ್ಕೆ ಅಣ್ಣತಮ್ಮಂದಿರು ಜಗಳವಾಡಿದರು ಎಂದು ಹೇಳಿಕೊಂಡೆವು. ಮುಖಗಳು ಬೆಳೆಯುತ್ತಿದ್ದವು.

ಅಸಾನ್ ಬೆಟ್ಟ ಇಳಿದವನಲ್ಲ. ಹಳೆಯ ಕಾಗದದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದಾನೆ, ಯಂತ್ರದ ಹತ್ತಿರ ಅವನ ಮುಖವಿಲ್ಲ. ಅವನ ಮುಖಕ್ಕೆ ನನ್ನ ಮಗ ಉತ್ತರ ಕೊಡಬೇಕಾಗಿದೆ.

ಮಾರ್ಚ್ 25, ಮಂಗಳವಾರ

ಜೂರಾಕಾನ್ ಅಡುಗೆಮನೆಯ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಮಾತಾಡಿದಳು. ಹಿಂದೆ ನಮ್ಮಮ್ಮನೂ ಹೀಗೇ ಮಾಡುತ್ತಿದ್ದಳು.

"ನಿಜ ಹೇಳಿದ್ರೆ ಆ ಹುಡುಗನ್ನ ಹಿಡೀತಾರೆ. ಮೈರಾಮ್ ನನ್ನ ಮಡಿಲಿಗೆ ಒಂದು ಕೊಟ್ಲು. ಈಗ ಇನ್ನೊಂದನ್ನೂ ಕಿತ್ಕೊಂಡು ಜೈಲಿಗೆ ಹಾಕ್ಲಾ ನಾನು?"

"ಹೇಳ್ದೆ ಇದ್ರೆ ನಮ್ಮೋನು ಹೋಗ್ತಾನೆ."

"ನಮ್ಮೋನು ಅನ್ನೋದು ಎಷ್ಟು ದಿನ? ನಿಜ ಹೊರಗೆ ಬಂದ ದಿನ ಅವನು ನನ್ನನ್ನ ಅಪಾ ಅಂತ ಕರೀತಾನಾ, ಜೂರಾಕಾನ್ ಅಂತಾನಾ?"

ವಕೀಲನನ್ನು ಹಿಡಿಯೋಣ ಎಂದೆ. ನಲ್ಲಿ ನಿಲ್ಲಿಸಿದಳು.

ಏಪ್ರಿಲ್ 2, ಬುಧವಾರ

ತಿಲೇಕ್‌ನನ್ನು ನೋಡಲು ಬಿಟ್ಟರು. ಗಾಜಿನ ಆಚೆ ಕೂತಿದ್ದ. ತೆಳ್ಳಗಾಗಿದ್ದಾನೆ, ಗಡ್ಡ ಬಂದಿದೆ. ಗಡ್ಡದಲ್ಲಿ ಇನ್ನಷ್ಟು ಅವನಂತೆಯೇ ಕಾಣುತ್ತಾನೆ.

"ಅತಾ, ದಿನಾ ಆ ಫೋಟೋ ತಂದು ಮುಂದಿಡ್ತಾರೆ. ನೋಡೀ ನೋಡೀ ಈಗೀಗ ನಂಗೇ ಅನುಮಾನ. ಆ ಕಲ್ಪಾಕ್ ನಾನ್ ಯಾವಾಗ ಹಾಕ್ಕೊಂಡಿದ್ದೆ ಅಂತ ಯೋಚ್ನೆ ಮಾಡ್ತಾ ಕೂತಿರ್ತೀನಿ."

"ನೀನು ಹಾಕ್ಕೊಂಡಿಲ್ಲ ಕಣೋ."

"ಮತ್ತೆ ಅದು ಯಾರು?"

ನಾನು ಅವನ ಹುಬ್ಬನ್ನು ನೋಡುತ್ತಿದ್ದೆ. ಹುಬ್ಬು, ಮೂಗಿನ ಬುಡ, ಗಲ್ಲದ ಅಂಚು. ಎಷ್ಟು ಹೊತ್ತು ಹಾಗೆ ಅಳೆಯುತ್ತ ಕೂತಿದ್ದೆನೋ.

"ಸಹಿ ಹಾಕಿದ್ರೆ ಶಿಕ್ಷೆ ಕಮ್ಮಿ ಅಂತಾರೆ," ಎಂದ. "ಹಾಕ್ಬಿಡ್ಲಾ?"

"ಬೇಡ."

"ಬೇಡ ಅನ್ನೋಕೆ ನೀನು ಹೊರಗಿದ್ದೀಯ." ಅಂದವನೇ ನಕ್ಕ. "ತಮಾಷೆಗೆ ಅಂದೆ. ಮುಖ ಹಾಗೆ ಮಾಡ್ಬೇಡ."

ಏಪ್ರಿಲ್ 5, ಶನಿವಾರ

ಶಾರ್ಷೆನ್ ಮನೆಗೇ ಬಂದ, ಒಬ್ಬನೇ. ಜೂರಾಕಾನ್ ಚಹಾ ಕೊಟ್ಟಳು. ಬ್ರೆಡ್ ಮುರಿದು ಬಾಯಿಗೆ ಹಾಕಿಕೊಂಡು, ಮದುವೆ ಮಾತುಕತೆಗೆ ಬಂದವನ ಹಾಗೆ ನೆಂಟರಿಷ್ಟರ ವಿಚಾರ ಎತ್ತಿದ.

"ತಮ್ಮ ಇದ್ದಾನಂತಲ್ಲ, ನಾರಿನ್ ಕಡೆ. ಮಕ್ಕಳೆಷ್ಟು ಅವನಿಗೆ?"

"ಒಬ್ಬನೇ ಮಗ. ಅಸಾನ್."

ಬಾಯಿಂದ ಹೊರಟಾದ ಮೇಲೆ ತಿಳಿಯಿತು. ಈ ದೇಶದಲ್ಲಿ ಹುಟ್ಟಿದ ಯಾವನಿಗಾದರೂ ಸಾಕಾಗುವ ಮಾತು ಅದು. ಶಾರ್ಷೆನ್ ಚಹಾದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

"ಉಸೋನ್ ಎಲ್ಲಿ?"

"ಉಳೀಲಿಲ್ಲ," ಎಂದಳು ಜೂರಾಕಾನ್ ಬಾಗಿಲಿನಿಂದ.

"ಅಯ್ಯೋ ಪಾಪ. ಮಣ್ಣು ಹಗುರವಾಗಿರಲಿ." ಅಂಗೈಯಿಂದ ಮುಖ ಒರೆಸಿಕೊಂಡು ಸತ್ತವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದ. ಗೋಡೆಯ ಮೇಲಿದ್ದ ತಿಲೇಕ್‌ನ ಚಿತ್ರವನ್ನು ಬಹಳ ಹೊತ್ತು ನೋಡಿದ.

ಹೊರಡುವಾಗ ಮೆಟ್ಟಿಲ ಹತ್ತಿರ ಹೇಳಿದ: "ಅಗಾಯ್, ಆ ಯಂತ್ರಕ್ಕೆ ಮುಖ ಗೊತ್ತು, ನಮ್ಮ ಹೆಸರಿನ ಲೆಕ್ಕ ಗೊತ್ತಿಲ್ಲ. ನಂಗೆ ಗೊತ್ತು. ಆದ್ರೆ ನಾನ್ ಹೇಳೋ ಹಾಗಿಲ್ಲ. ಇದು ಆ ಕೇಂದ್ರದ ಮೊದಲನೇ ಬೇಟೆ. ಹದಿನೆಂಟಕ್ಕೆ ತಂತ್ರಜ್ಞಾನ ಮೇಳ ಇದೆ, ಮಂತ್ರಿಗಳ ಮುಂದೆ ನಿಮ್ಮ ಮಗನ್ನೇ ತೋರಿಸ್ತಾರೆ. ಅದಾದ ಮೇಲೆ ಯಾರ್ ಏನ್ ಹೇಳಿದ್ರೂ ಕೇಳೋರಿರಲ್ಲ. ಹೇಳೋರು ಯಾರಾದ್ರೂ ಇದ್ರೆ ಬೇಗ ಹೇಳ್ಲಿ."

ಏಪ್ರಿಲ್ 6, ಭಾನುವಾರ

ಕಿಟಕಿಗೆ ದಪ್ಪ ಪರದೆ ಹಾಕಿದೆ. ಅರ್ಜಿಯ ವಿಷಯ ಏನಾಯಿತು ಎಂದು ಮೂರನೇ ಮಹಡಿಯವಳು ಕೇಳಿದಳು. ಯಾವ ಅರ್ಜಿ ಎಂದೆ.

ಏಪ್ರಿಲ್ 9, ಬುಧವಾರ

ಕುಬಾತ್‌ಗೆ ಫೋನ್ ಮಾಡಿದೆ. ಜೂರಾಕಾನ್ ನೆಂಟರ ಮನೆಗೆ ಹೋಗಿದ್ದಳು. ಆ ಕಡೆ ಕುರಿಗಳ ಗಲಾಟೆ, ಮರಿ ಹಾಕುವ ಕಾಲ.

"ಬೈಕೆ? ಅಣ್ಣಾ, ಎಲ್ರೂ ಚೆನ್ನಾಗಿದ್ದೀರಾ?"

ತಿಲೇಕ್‌ನನ್ನು ಹಿಡಿದಿದ್ದಾರೆ ಎಂದೆ. ಗಣಿಯ ಬೆಂಕಿ ಎಂದೆ. ಡ್ರೋನ್ ತೆಗೆದ ಚಿತ್ರ, ಕಲ್ಪಾಕ್, ಮೇಲೆ ನೋಡುವ ಮುಖ ಎಂದೆ. ಹದಿನೆಂಟನೇ ತಾರೀಕಿನ ವಿಷಯವನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು, ಮರಿಗಳನ್ನು ಒಳಗೆ ಕೂಡು ಎಂದು ಯಾರಿಗೋ ಕೂಗಿದ.

"ಹೊಟ್ಟೆಗೆ ಸರಿಯಾಗಿ ಹಾಕ್ತಾರಾ ಅಲ್ಲಿ?" ಎಂದ ಕೊನೆಗೆ.

"ಯಾರಿಗೆ?"

"ನಿಮ್ಮ ಹುಡುಗನಿಗೆ ಬೈಕೆ. ಇನ್ಯಾರಿಗೆ."

ಹಾಕುತ್ತಾರೆ ಎಂದೆ. ಫೋನ್ ಇಟ್ಟ.

ಅಣ್ಣನಾದವನು ತಮ್ಮನಿಗೆ ಕಷ್ಟ ಹೇಳಿಕೊಳ್ಳಬಾರದೇ? ನಾನು ಯಾರ ಹೆಸರೂ ಹೇಳಲಿಲ್ಲ. ಸುದ್ದಿ ಹೇಳಿದೆ, ಅಷ್ಟೇ.

ಏಪ್ರಿಲ್ 14, ಸೋಮವಾರ

ತಿಲೇಕ್‌ಗೆ ಊಟ ಕೊಡಲು ನಾವಿಬ್ಬರೂ ಬೆಳಿಗ್ಗೆ ಠಾಣೆಗೆ ಹೋದೆವು. ಗೇಟಿನ ಹತ್ತಿರ ನಮ್ಮಂಥವರ ಸಾಲು. ಸಾಲಿನ ಆಚೆ ಒಬ್ಬ, ಹೆಗಲಿಗೆ ಚೀಲ, ಬೂಟಿನಲ್ಲಿ ಒಣಗಿದ ಕೆಸರು, ಗೇಟಿನ ಕ್ಯಾಮೆರಾದ ಕೆಳಗೆ ಹೋಗಿ ನಿಂತ. ಕಲ್ಪಾಕ್ ತೆಗೆದು ಎದೆಗೆ ಒತ್ತಿಕೊಂಡು ತಲೆ ಎತ್ತಿ ನೋಡಿದ.

ಜೂರಾಕಾನ್ ನನ್ನ ತೋಳು ಹಿಡಿದಳು.

ಕಾವಲಿನ ಹುಡುಗನ ಕೈಯಲ್ಲಿದ್ದ ಯಂತ್ರ ಕೂಗಿತು. ಅವನು ಅದನ್ನು ನೋಡಿದ, ಬಂದವನನ್ನು ನೋಡಿದ, ಮತ್ತೆ ಯಂತ್ರ ನೋಡಿದ.

"ತಿಲೇಕ್ ನೀನೇನಾ?"

"ಅಲ್ಲ."

"ಹೌದು ಅಂತಿದೆಯಲ್ಲ ಇದು. ಹೊರಗೆ ಹೆಂಗ್ ಬಂದೆ ನೀನು?"

"ನಾನ್ ಇನ್ನೂ ಒಳಗೇ ಹೋಗಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗ ಫೋನಿನಲ್ಲಿ ಗಾಬರಿಯಿಂದ, ಕೈದಿ ತಪ್ಪಿಸಿಕೊಂಡು ಗೇಟಿಗೆ ಬಂದು ನಿಂತಿದ್ದಾನೆ ಎಂದ. ಆ ಕಡೆಯವರು ಬೈದಿರಬೇಕು. ಒಳಗೆ ಹೋಗಿ ಎಣಿಸಿದರು. ತಿಲೇಕ್ ತನ್ನ ಕೋಣೆಯಲ್ಲೇ ಕೂತು ಗಂಜಿ ಕುಡಿಯುತ್ತಿದ್ದ. ಯಂತ್ರ ಮಾತ್ರ ಅವನು ಹೊರಗಿದ್ದಾನೆ ಎಂದು ಕೂಗುತ್ತಲೇ ಇತ್ತು.

ಶಾರ್ಷೆನ್ ಬಂದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಅಸಾನ್?"

"ಹೂಂ."

"ಬೆಂಕಿ ಹಚ್ಚಿದ್ದು ನೀನಾ?"

"ಕಲ್ಲು ಎಸೆದದ್ದು ಹೌದು. ಬೆಂಕಿ ನಂದಲ್ಲ. ನಾನು ಮಾಡದ್ದಕ್ಕೆ ನಾನು ಜೈಲಲ್ಲಿ ಕೂರ್ಬೋದು. ಅವನ್ಯಾಕೆ ಕೂರ್ಬೇಕು?"

ಶಾರ್ಷೆನ್ ಒಳಗೆ ತಿರುಗಿ ಕೂಗಿದ: "ಉಸೋನ್‌ನ ಕಳಿಸ್ರೋ."

ಹೆಸರು ಬೇರೆ ಎಂದು ಯಾರೂ ಅವನನ್ನು ತಿದ್ದಲಿಲ್ಲ.

ತಿಲೇಕ್ ಹೊರಬಂದ. ಇಬ್ಬರೂ ಒಂದು ಮಾರು ದೂರದಲ್ಲಿ ನಿಂತರು. ಒಬ್ಬನದು ಬಿಸಿಲಿಗೆ ಕಪ್ಪಾದ ಮುಖ, ಇನ್ನೊಬ್ಬನದು ನೆರಳಿಗೆ ಬಿಳಿಚಿದ್ದು. ತಿಲೇಕ್ ಅವನನ್ನು ನೋಡಿದ, ನಮ್ಮನ್ನು ನೋಡಿದ, ಮತ್ತೆ ಅವನನ್ನು ನೋಡಿದ. ಅಸಾನ್ ತನ್ನ ಕಲ್ಪಾಕ್ ಅವನ ತಲೆಗಿಟ್ಟು, "ಇದು ಒಳಗೆ ಬಿಡಲ್ಲಂತೆ, ಇಟ್ಕೊಂಡಿರು," ಎಂದು ಒಳಗೆ ಹೋದ.

ಏಪ್ರಿಲ್ 18, ಶುಕ್ರವಾರ

ಟೀವಿಯಲ್ಲಿ ಮೇಳ ತೋರಿಸಿದರು. ಎರ್ಮೆಕ್ ಹೊಸ ಸೂಟು ಹಾಕಿಕೊಂಡು ಮಂತ್ರಿಗಳ ಮುಂದೆ ವಿವರಿಸುತ್ತಿದ್ದ: "ಕುಟುಂಬವೇ ಮೂವತ್ತು ವರ್ಷ ಮುಚ್ಚಿಟ್ಟ ಅವಳಿ ಸಂಬಂಧವನ್ನು ನಮ್ಮ ವ್ಯವಸ್ಥೆ ಪತ್ತೆ ಮಾಡಿದೆ." ಚಪ್ಪಾಳೆ. ಇನ್ನಷ್ಟು ಕಂಬಗಳಿಗೆ ಒಪ್ಪಂದವಾಯಿತಂತೆ. ಜೂರಾಕಾನ್ ಎದ್ದು ಟೀವಿಯ ತಂತಿ ಕಿತ್ತಳು.

ಏಪ್ರಿಲ್ 24, ಗುರುವಾರ

ಮನೆಗೆ ಬಂದು ಹತ್ತು ದಿನವಾದರೂ ತಿಲೇಕ್ ಏನೂ ಕೇಳಿರಲಿಲ್ಲ. ಇವತ್ತು ಜೂರಾಕಾನ್ ತನ್ನ ತಂದೆತಾಯಿಯ ಹೆಸರಿನಲ್ಲಿ ಬೋರ್ಸೋಕ್ ಕರಿದಳು. ತಿಲೇಕ್ ಒಂದನ್ನು ಕೈಯಲ್ಲೆತ್ತಿ ತಿರುಗಿಸಿ ನೋಡುತ್ತ ಕೂತ.

"ಚಿಕ್ಕವನಿದ್ದಾಗ ಬೆಟ್ಟಕ್ಕೆ ಹೋಗಿದ್ವಲ್ಲ," ಎಂದ. "ಮೈರಾಮ್ ಚಿಕ್ಕಮ್ಮ ನನ್ನ ಕೈಗೆ ಬಿಸಿ ಬೋರ್ಸೋಕ್ ಕೊಟ್ಟು, ಉಸೋನ್‌ಗೋಸ್ಕರ ತಿನ್ನು ಮಗಾ ಅಂದ್ಲು. ನಾನು ತಿಂದೆ. ಇನ್ನೂ ಬೇಕು ಅಂದೆ. ಅವಳು ಒಳಗೆ ಹೋಗಿ ಬಹಳ ಹೊತ್ತು ಬರ್ಲೇ ಇಲ್ಲ." ಬೋರ್ಸೋಕ್ ತಟ್ಟೆಗಿಟ್ಟ. "ನನ್ನ ತಿಥಿ ಊಟ ನಾನೇ ಮಾಡಿದ್ನಲ್ಲ ಅತಾ."

ಅತಾ ಎಂದ. ನಾನು ಅದನ್ನೇ ಹಿಡಿದುಕೊಂಡೆ.

"ಅಸಾನ್‌ಗೆ ಹೇಳಿದ್ಯಾರು?"

"ಅವ್ನಾಗೇ ಬಂದ," ಎಂದೆ.

ತಾಯಿಯ ಕಡೆ ತಿರುಗಿದ. "ಕುರಿ ಈಯೋ ಕಾಲ ಅಪಾ. ಅಲ್ಲಿ ಕೈ ಸಾಲ್ತಿಲ್ಲ. ನಾಳೆ ಹೊರಡ್ತೀನಿ."

"ಕುರಿ ಕಾಯೋದು ಗೊತ್ತೇನೋ ನಿಂಗೆ?"

"ಕಲಿಸ್ತಾರೆ."

"ಯಾವಾಗ ಬರ್ತೀಯ?"

"ಅಸಾನ್ ಬಂದ ಮೇಲೆ."

ಅವಳು ಉಳಿದ ಬೋರ್ಸೋಕನ್ನೆಲ್ಲ ಅವನಿಗೆ ಕಟ್ಟಿಕೊಟ್ಟಳು.

ಏಪ್ರಿಲ್ 25, ಶುಕ್ರವಾರ

ಹೊರಟ, ಕಲ್ಪಾಕ್ ಹಾಕಿಕೊಂಡು. ಕಂಬದ ಕೆಳಗೆ ಹಾದುಹೋಗುವಾಗ ಮೇಲೆ ನೋಡಲಿಲ್ಲ. ನಮ್ಮ ಕಿಟಕಿಯನ್ನೂ ನೋಡಲಿಲ್ಲ. ಪರದೆ ಹಾಕಿತ್ತು, ನೋಡಿದ್ದರೂ ನಾನು ಕಾಣುತ್ತಿರಲಿಲ್ಲ.

ಮೇ 19, ಸೋಮವಾರ

ಫೋನ್ ಹತ್ತುವುದಿಲ್ಲ, ಬೆಟ್ಟದ ಮೇಲೆ ಸಿಗ್ನಲ್ ಇಲ್ಲವಂತೆ. ಕುಬಾತ್ ಕೂಡ ಎತ್ತುತ್ತಿಲ್ಲ. ಅಸಾನ್‌ನ ವಿಚಾರಣೆ ಮುಂದಕ್ಕೆ ಹೋಗಿದೆ. ನಾನು ಅಲ್ಲಿಗೆ ಹೋದರೆ ಬಾಗಿಲಲ್ಲಿ ಯಾರು ನಿಂತಿರುತ್ತಾರೋ, ಏನು ಕೇಳುತ್ತಾರೋ.

ಪರದೆ ತೆಗೆದಿದ್ದೇನೆ. ದಿನವೂ ಕಿಟಕಿಯ ಹತ್ತಿರ ಕೂರುತ್ತೇನೆ. ಜನ ಹೋಗುತ್ತಾರೆ, ಬರುತ್ತಾರೆ. ಹುಬ್ಬು, ಮೂಗಿನ ಬುಡ, ಗಲ್ಲದ ಅಂಚು. ಕಣ್ಣು ಮೊದಲಿನಂತಿಲ್ಲ, ಕಂಬದಾಚೆಯ ಮುಖಗಳು ಮಸುಕಾಗುತ್ತವೆ.

ಕಳೆದ ವಾರದ ಗಾಳಿಮಳೆಗೆ ಕಂಬದ ಕ್ಯಾಮೆರಾ ಗೋಡೆಯ ಕಡೆ ತಿರುಗಿಕೊಂಡಿದೆ. ಯಾರೂ ಬಂದು ನೋಡಿಲ್ಲ. ಈ ಊರಿನಲ್ಲಿ ಯಾವ ಕೆಲಸವೂ ತಾನಾಗಿ ಆಗುವುದಿಲ್ಲ. ಇವತ್ತು ಕೂತು ಎರ್ಮೆಕ್‌ಗೆ ಅರ್ಜಿ ಬರೆದೆ, ಮೂರನೇ ಮಹಡಿಯವಳ ಸಹಿಯನ್ನೂ ಹಾಕಿಸಿದೆ. ಕ್ಯಾಮೆರಾವನ್ನು ಕೂಡಲೇ ಸರಿಮಾಡಿಸಿ, ಬಸ್ ನಿಲ್ಲುವ ಕಡೆಗೆ ತಿರುಗಿಸಬೇಕು. ಇಬ್ಬರಲ್ಲಿ ಯಾರು ಇಳಿದರೂ ಅದಕ್ಕೆ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ನನಗೊಂದು ಮಾತು ತಿಳಿಸಬೇಕು ಎಂದು ಕೊನೆಯಲ್ಲಿ ವಿನಂತಿ ಮಾಡಿಕೊಂಡಿದ್ದೇನೆ.